ಉಳಿದ ಐದನ್ನು ಸಂತೆಗೆ ಒಯ್ಯಬೇಡಿ

ಪ್ರಶ್ನೆ: ಸಂತ್ಯಾಗಿಂದ ಎರಡು ಹ್ಯಾಟಿ ತಂದು ನಮ್ಮ ಕೋಳಿ ಜೋಡಿನ ಬುಟ್ಟ್ಯಾಗ ಮುಚ್ಚಿದ್ದೆ. ವಾರ ಕಳಿಯೂದ್ರಾಗ ರೋಗ ಬಡೀತು. ಹದಿನಾಲ್ಕರಾಗ ಒಂಬತ್ತು ಸತ್ತವು. ಬಾಯಿ ತೆರೆದು ಗೊರಗೊರ ಅಂತಿದ್ದವು, ಹಸಿರು ಉಚ್ಚಿಕೊಳ್ತಿದ್ದವು, ಒಂದರ ಕುತ್ತಿಗಿ ತಿರುಚಿತ್ತು. ನನ್ನ ಕೈಗುಣಾನ ಕೆಟ್ಟದ್ದಂತ ಅತ್ತಿ ಬೈತಾರ. ಉಳಿದ ಐದು ಸಾಯೂದ್ರಾಗ ಮಾರಿಬಿಡು ಅಂತಾರ ಓಣಿ ಮಂದಿ. ಏನ್ ಮಾಡ್ಲಿ?
— ಕುಂದಗೋಳ ತಾಲ್ಲೂಕಿನ ಗೃಹಿಣಿ

ಉತ್ತರ: ತಂಗಿ, ನಿಮ್ಮ ಕೈಗುಣ ಕೆಟ್ಟಿಲ್ಲ. ನೀವು ಬರೆದ ಲಕ್ಷಣಗಳು ಕೊಕ್ಕರೆ ರೋಗವನ್ನು ಹೋಲುತ್ತವೆ. ಪಶುವೈದ್ಯರು ರಾಣಿಖೇತ್ ಎನ್ನುವುದು ಇದಕ್ಕೇ. ವೈರಾಣು ಹೊಕ್ಕ ಮೇಲೆ ಸಾಮಾನ್ಯವಾಗಿ ಐದಾರು ದಿನ, ಕೆಲವೊಮ್ಮೆ 15 ದಿನದವರೆಗೂ ಕೋಳಿ ಚೆನ್ನಾಗಿಯೇ ಕಾಣುತ್ತದೆ. ಸಂತೆಯಲ್ಲಿ ನಿಮಗೆ ಗೊತ್ತಾಗುವಂತೆಯೇ ಇರಲಿಲ್ಲ.

ಆದರೆ ಹಕ್ಕಿಜ್ವರವೂ ಹೀಗೇ ಕೋಳಿಗಳನ್ನು ಸಾಲಾಗಿ ಕೆಡವುತ್ತದೆ. 2025ರಲ್ಲಿ ಸಂಡೂರು ತಾಲ್ಲೂಕಿನ ಕುರೇಕುಪ್ಪದಲ್ಲಿ ಅದು ಕಾಣಿಸಿಕೊಂಡಿತ್ತು. ಯಾವುದೆಂದು ಹೇಳಬೇಕಾದದ್ದು ಪರೀಕ್ಷೆ. ಇಂದೇ ಪಶು ಆಸ್ಪತ್ರೆಗೆ ತಿಳಿಸಿ, ಇಲ್ಲವೇ ಪಶು ಸಹಾಯವಾಣಿ 1962ಕ್ಕೆ ಫೋನ್ ಮಾಡಿ. ಅಲ್ಲಿಯವರೆಗೆ ಸತ್ತದ್ದನ್ನು ಬರಿಗೈಲಿ ಮುಟ್ಟಬೇಡಿ, ಕೊಯ್ಯಬೇಡಿ. ಹಳ್ಳಕ್ಕೆ ಎಸೆದರೆ ನಾಯಿ, ಕಾಗೆಗಳು ಊರೆಲ್ಲ ಹಂಚುತ್ತವೆ. ಆಳವಾದ ಗುಂಡಿ ತೋಡಿ ಸುಣ್ಣ ಹಾಕಿ ಹೂಳಿ.

ಐದನ್ನು ಮಾರುವ ಮಾತು ಬೇಡವೇ ಬೇಡ. ನಿಮ್ಮ ಮನೆಗೆ ರೋಗ ಬಂದ ದಾರಿ ಅದೇ ಅಲ್ಲವೇ? ಇನ್ನೊಬ್ಬ ತಾಯಿಯ ಬುಟ್ಟಿಗೆ ಅದನ್ನು ಕಳಿಸಬೇಡಿ. ಈ ವೈರಾಣುವನ್ನು ಕೊಲ್ಲುವ ಔಷಧಿ ಇಲ್ಲ. ಅರಿಸಿನ, ಬೆಳ್ಳುಳ್ಳಿ ಕುಡಿಸಿ ದಿನ ಕಳೆಯಬೇಡಿ. ಬುಟ್ಟಿ ಸುಟ್ಟು, ಗೂಡಿಗೆ ಸುಣ್ಣ ಬಳಿದು, ಕನಿಷ್ಠ ತಿಂಗಳು ಬಿಟ್ಟು ಹೊಸ ಮರಿ ತನ್ನಿ. ತಂದವನ್ನು ಮೂರು ವಾರ ಬೇರೆಯೇ ಇಡಿ.

ಕೊಕ್ಕರೆ ರೋಗವನ್ನು ತಡೆಯುವುದು ಲಸಿಕೆ. ಮರಿಗೆ ಐದರಿಂದ ಏಳು ದಿನವಾದಾಗ ಎಡಗೈಲಿ ಹಿಡಿದು, ತಲೆ ವಾರೆ ಮಾಡಿ, ಕಣ್ಣಿಗೆ ಒಂದೇ ಹನಿ ಬಿಡುತ್ತಾರೆ. ಮರಿ ಕಣ್ಣು ಮಿಟುಕಿಸಿ ಹನಿ ಒಳಗಿಳಿಯುವವರೆಗೆ ಬಿಡಬಾರದು. ನಾಲ್ಕನೇ ವಾರ ಲಸೋಟಾ ಎಂಬ ಲಸಿಕೆ, ಎಂಟನೇ ವಾರ ಆರ್‌ಟುಬಿ ಚುಚ್ಚುಮದ್ದು. ಆರು ವಾರದೊಳಗಿನ ಮರಿಗೆ ಆರ್‌ಟುಬಿ ಹಾಕಿಸಬಾರದು.

ಒಂದು ಸೀಸೆಯಲ್ಲಿ ಸಾಮಾನ್ಯವಾಗಿ ನೂರು ಕೋಳಿಗಾಗುವಷ್ಟಾದರೂ ಲಸಿಕೆ ಇರುತ್ತದೆ. ಕರಗಿಸಿದ ಮೇಲೆ ಒಂದೆರಡು ತಾಸಿನಲ್ಲಿ ಮುಗಿಸಬೇಕು. ಅದಕ್ಕೇ ದಿನ ಗೊತ್ತು ಮಾಡಿ ಇಡೀ ಓಣಿಯನ್ನು ಕರೆಯಿರಿ, ಮಾರಿಬಿಡು ಎಂದವರನ್ನೂ ಕರೆಯಿರಿ.