ಗೂಗಲ್ ಬೆಳೆದ ಬಗೆ

ದೊಡ್ಡದೊಂದು ಪುಸ್ತಕಭಂಡಾರವನ್ನು ಕಲ್ಪಿಸಿಕೊಳ್ಳೋಣ. ಅಲ್ಲಿ ಪುಸ್ತಕಗಳು ರಾಶಿರಾಶಿಯಾಗಿ ಬಿದ್ದಿವೆ. ಅವನ್ನು ವಿಂಗಡಿಸಿ ಜೋಡಿಸಿದವರಿಲ್ಲ, ಪಟ್ಟಿ ಬರೆದಿಟ್ಟವರೂ ಇಲ್ಲ. ದಿನದಿನಕ್ಕೂ ಹೊಸ ಪುಸ್ತಕಗಳು ಬಂದು ಸೇರುತ್ತಲೇ ಇವೆ. ನಮಗೆ ಬೇಕಾದ ಒಂದು ಪುಟವನ್ನು ಅಲ್ಲಿ ಹುಡುಕುವುದೆಂತು? 1990ರ ದಶಕದ ನಡುವಿನಲ್ಲಿ ಅಂತರಜಾಲದ ಸ್ಥಿತಿ ಹೆಚ್ಚು ಕಡಿಮೆ ಹೀಗೆಯೇ ಇದ್ದಿತು. ಈ ತೊಡಕನ್ನು ಬಿಡಿಸಹೊರಟ ಒಂದು ಸಂಶೋಧನೆಯಿಂದಲೇ ಗೂಗಲ್ ಎಂಬ ಕಂಪನಿ ಹುಟ್ಟಿತು. ಅದು ಬೆಳೆದ ಬಗೆಯನ್ನೂ, ಆ ಬೆಳವಣಿಗೆಯೊಡನೆ ಎದ್ದ ಗಹನವಾದ ಒಂದು ಪ್ರಶ್ನೆಯನ್ನೂ ಇಲ್ಲಿ ವಿಚಾರಮಾಡೋಣ.

ಮೊದಲಿನ ಉಪಾಯಗಳು

1994ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದ ವಿದ್ಯಾರ್ಥಿಗಳಾದ ಜೆರ್ರಿ ಯಾಂಗ್ ಮತ್ತು ಡೇವಿಡ್ ಫೈಲೊ ಎಂಬವರು ಜಾಲತಾಣಗಳನ್ನು ವಿಷಯವಾರಾಗಿ ವಿಂಗಡಿಸಿ ಒಂದು ಪಟ್ಟಿಯನ್ನು ಮಾಡಿದರು. ಇದೇ ಮುಂದೆ ಯಾಹೂ ಎನಿಸಿತು. ಆದರೆ ಮನುಷ್ಯರು ಕೈಯಾರೆ ಮಾಡುವ ಪಟ್ಟಿ ಜಾಲದ ಬೆಳವಣಿಗೆಗೆ ಎಷ್ಟು ಕಾಲ ಸಾಟಿಯಾದೀತು? 1995ರಲ್ಲಿ ಬಂದ ಆಲ್ಟಾವಿಸ್ಟ ಬೇರೆ ದಾರಿಯನ್ನು ಹಿಡಿಯಿತು. ಪುಸ್ತಕದ ಕೊನೆಯಲ್ಲಿ ಯಾವ ಪದ ಯಾವ ಪುಟದಲ್ಲಿದೆಯೆಂದು ತಿಳಿಸುವ ಅಕಾರಾದಿ ಸೂಚಿ ಇರುವುದಷ್ಟೆ. ಜಾಲದ ಪುಟಗಳಿಗೆ ಅಂತಹ ಸೂಚಿಯನ್ನು ಗಣಕಯಂತ್ರವೇ ಸಿದ್ಧಪಡಿಸುವಂತೆ ಮಾಡಲಾಯಿತು. ಆದರೆ ಒಂದೇ ಪದ ಸಾವಿರಾರು ಪುಟಗಳಲ್ಲಿದ್ದರೆ ಯಾವುದನ್ನು ಮೊದಲು ತೋರಿಸಬೇಕು? ಪದ ಎಷ್ಟು ಸಲ ಬಂದಿದೆಯೆಂಬುದನ್ನೇ ಮುಖ್ಯವಾಗಿ ಎಣಿಸಿದರೆ, ಆ ಪದವನ್ನು ನೂರು ಸಲ ಬರೆದಿಟ್ಟ ನಿರುಪಯುಕ್ತವಾದ ಪುಟವೇ ಮುಂದೆ ಬಂದು ನಿಲ್ಲುತ್ತದೆ.

ಪುಟದ ತೂಕ

ಲ್ಯಾರಿ ಪೇಜ್ ಮತ್ತು ಸರ್ಗೆ ಬ್ರಿನ್ ಎಂಬ ತರುಣರು 1995ರಲ್ಲಿ ಅದೇ ಸ್ಟ್ಯಾನ್‌ಫರ್ಡಿನಲ್ಲಿ ಪರಿಚಿತರಾದರು. ವಿದ್ವಾಂಸರ ವ್ಯವಹಾರದಲ್ಲಿ ಒಂದು ಪ್ರಬಂಧವನ್ನು ಇತರರು ಎಷ್ಟು ಮಂದಿ ಉಲ್ಲೇಖಿಸಿದ್ದಾರೆ ಎಂಬುದು ಅದರ ಮಹತ್ವಕ್ಕೆ ಒಂದು ಗುರುತು. ಜಾಲದಲ್ಲಿಯೂ ಒಂದು ಪುಟ ಇನ್ನೊಂದಕ್ಕೆ ಕೊಂಡಿಯನ್ನು ಕೊಡುತ್ತದೆ. ಇದನ್ನು ಒಂದು ಬಗೆಯ ಶಿಫಾರಸು ಎಂದೇಕೆ ಎಣಿಸಬಾರದು? ಇದು ಅವರ ಮೂಲ ಯೋಚನೆ. ಆದರೆ ಎಲ್ಲ ಶಿಫಾರಸುಗಳ ಬೆಲೆಯೂ ಒಂದೇ ಅಲ್ಲ. ಗಣ್ಯರ ಮಾತಿಗೆ ಹೆಚ್ಚು ತೂಕ. ಆದುದರಿಂದ ಪ್ರತಿಯೊಂದು ಪುಟವೂ ತನ್ನ ತೂಕವನ್ನು ತಾನು ಕೊಡುವ ಕೊಂಡಿಗಳಿಗೆ ಸಮನಾಗಿ ಹಂಚುತ್ತದೆಂದು ಅವರು ಇಟ್ಟುಕೊಂಡರು.

ಒಂದು ಸಣ್ಣ ಉದಾಹರಣೆಯಿಂದ ಇದು ಸ್ಪಷ್ಟವಾಗುತ್ತದೆ. ಕ, ಗ, ಚ ಎಂಬ ಮೂರೇ ಪುಟಗಳಿವೆಯೆನ್ನೋಣ. 'ಕ' ಪುಟವು ಗ, ಚ ಎರಡಕ್ಕೂ ಕೊಂಡಿ ಕೊಡುತ್ತದೆ. 'ಗ' ಪುಟವು ಚ ಒಂದಕ್ಕೆ, 'ಚ' ಪುಟವು ಕ ಒಂದಕ್ಕೆ. ಒಟ್ಟು ತೂಕ 100 ಆಗಿರಲಿ. ಯಾವುದೇ ರೀತಿಯಲ್ಲಿ ಅದನ್ನು ಮೊದಲು ಹಂಚಿ, ಮತ್ತೆ ಮತ್ತೆ ಕೊಂಡಿಗಳ ಮೂಲಕ ಸಾಗಿಸುತ್ತ ಹೋದರೆ, ಕ್ರಮೇಣ ಕ 40, ಗ 20, ಚ 40 ಎಂಬಲ್ಲಿ ಲೆಕ್ಕ ನೆಲೆನಿಲ್ಲುತ್ತದೆ. ತಾಳೆ ನೋಡೋಣ: 'ಕ' ತನ್ನ 40ನ್ನು ಇಪ್ಪತ್ತು ಇಪ್ಪತ್ತಾಗಿ ಹಂಚುತ್ತದೆ, 'ಚ'ಗೆ ಆ 20ರೊಡನೆ 'ಗ'ದ 20 ಸೇರಿ 40 ಆಗುತ್ತದೆ, ಆ 40 ಪೂರ್ತಿಯಾಗಿ 'ಕ'ಗೆ ಸಲ್ಲುತ್ತದೆ. 'ಕ' ಮತ್ತು 'ಗ' ಎರಡಕ್ಕೂ ಬರುವ ಕೊಂಡಿ ಒಂದೊಂದೇ. ಆದರೂ 'ಕ'ದ ತೂಕ 'ಗ'ದ ಇಮ್ಮಡಿ! ಬರಿಯ ಎಣಿಕೆಗೂ ತೂಕಕ್ಕೂ ಇರುವ ಅಂತರ ಇದೇ.

ಓದುಗನು ಸದಾ ಕೊಂಡಿ ಹಿಡಿದೇ ಹೋಗುವುದಿಲ್ಲ. ನಡುವೆ ಬೇಸತ್ತು ಮತ್ತಾವುದೋ ಪುಟಕ್ಕೆ ಹಾರುವುದುಂಟು. ಇದಕ್ಕಾಗಿ ನೂರರಲ್ಲಿ 15 ಪಾಲನ್ನು ಅವರು ಬೇರೆಯಾಗಿ ತೆಗೆದಿರಿಸಿದರು. ಈ ಲೆಕ್ಕಕ್ಕೆ 'ಪೇಜ್‌ರ‍್ಯಾಂಕ್' ಎಂದು ಹೆಸರು. 1998ರ ಅವರ ಪ್ರಬಂಧದ ಹೊತ್ತಿಗೆ ಸುಮಾರು 2.4 ಕೋಟಿ ಪುಟಗಳು ಅವರ ಭಂಡಾರದಲ್ಲಿದ್ದುವು.

ಕಾರುಖಾನೆಯಿಂದ ಲೋಕಕ್ಕೆ

1ರ ಮುಂದೆ 100 ಸೊನ್ನೆಗಳಿರುವ ಸಂಖ್ಯೆಗೆ ಗಣಿತದಲ್ಲಿ 'ಗೂಗಾಲ್' ಎನ್ನುತ್ತಾರೆ. ಕಂಪನಿಯ ಹೆಸರು ಇದರಿಂದಲೇ ಬಂದುದು. 1998ರ ಆಗಸ್ಟಿನಲ್ಲಿ ಸನ್ ಮೈಕ್ರೋಸಿಸ್ಟಮ್ಸ್ ಸ್ಥಾಪಕರಲ್ಲೊಬ್ಬರಾದ ಆಂಡಿ ಬೆಕ್ಟೋಲ್‌ಷೈಮ್ ಒಂದು ಲಕ್ಷ ಡಾಲರಿನ ಚೆಕ್ಕನ್ನಿತ್ತರು. ಸೆಪ್ಟೆಂಬರಿನಲ್ಲಿ ಕಂಪನಿ ನೋಂದಣಿಯಾಯಿತು. ಮೆನ್ಲೊ ಪಾರ್ಕ್ ಎಂಬ ಊರಿನಲ್ಲಿ ಸೂಸನ್ ವೊಜಿಸ್ಕಿಯವರ ಮನೆಯ ಕಾರುಖಾನೆ, ಎಂದರೆ ಕಾರು ನಿಲ್ಲಿಸುವ ಕೊಠಡಿಯೇ, ಅದರ ಮೊದಲ ಕಚೇರಿ.

ಜಾಲವು ಬೆಳೆದಂತೆ ಯಂತ್ರಗಳೂ ಬೆಳೆಯಬೇಕಾಯಿತು. ದುಬಾರಿಯಾದ ಕೆಲವೇ ಯಂತ್ರಗಳನ್ನು ಕೊಳ್ಳುವ ಬದಲು ಅಗ್ಗದ ಸಾವಿರಾರು ಗಣಕಯಂತ್ರಗಳನ್ನು ಗೂಗಲ್ ಜೋಡಿಸಿತು. ಅಷ್ಟೊಂದು ಯಂತ್ರಗಳಿರುವಾಗ ಒಂದಲ್ಲ ಒಂದು ಕೆಡುವುದು ನಿಶ್ಚಯ. ಆದುದರಿಂದ ಒಂದೇ ಮಾಹಿತಿಯನ್ನು ಹಲವು ಯಂತ್ರಗಳಲ್ಲಿ ಪ್ರತಿಮಾಡಿಡುವ, ಒಂದು ದೊಡ್ಡ ಕೆಲಸವನ್ನು ತುಂಡುಮಾಡಿ ಹಂಚುವ ವಿಧಾನಗಳನ್ನು ರೂಪಿಸಿದರು. ಇಂತಹ ಹಂಚಿಕೆಯ ವಿಧಾನವೊಂದನ್ನು ಜೆಫ್ರಿ ಡೀನ್, ಸಂಜಯ್ ಘೆಮಾವತ್ ಎಂಬ ಇಂಜಿನಿಯರುಗಳು 2004ರಲ್ಲಿ ಪ್ರಕಟಿಸಿದರು.

2004ರಲ್ಲಿಯೇ ಕಂಪನಿಯ ಷೇರುಗಳು 85 ಡಾಲರಿಗೊಂದರಂತೆ ಮಾರಾಟಕ್ಕೆ ಬಂದುವು. ಬೆಂಗಳೂರಿನಲ್ಲಿ ಅದರ ಸಂಶೋಧನ ಕೇಂದ್ರ ತೆರೆದುದೂ ಆ ವರ್ಷವೇ. 2005ರಲ್ಲಿ ಆಂಡ್ರಾಯ್ಡ್, 2006ರಲ್ಲಿ 165 ಕೋಟಿ ಡಾಲರಿಗೆ ಯೂಟ್ಯೂಬ್ ಗೂಗಲಿನ ವಶವಾದುವು. 2011ರಲ್ಲಿ ಅದರ ಅನುವಾದ ಯಂತ್ರಕ್ಕೆ ಕನ್ನಡವೂ ಸೇರಿತು. 2015ರಲ್ಲಿ ಆಲ್ಫಬೆಟ್ ಎಂಬ ಮಾತೃಸಂಸ್ಥೆ ಏರ್ಪಟ್ಟು, ಮಧುರೆಯಲ್ಲಿ ಹುಟ್ಟಿದ ಸುಂದರ್ ಪಿಚೈ ಗೂಗಲಿನ ಮುಖ್ಯಾಧಿಕಾರಿಯಾದರು.

ಹಣದ ಮೂಲ

ಹುಡುಕುವವರು ಕಾಸು ಕೊಡುವುದಿಲ್ಲ. ಹಾಗಿದ್ದಲ್ಲಿ ಇಷ್ಟೆಲ್ಲ ಐಶ್ವರ್ಯ ಬಂದುದೆಲ್ಲಿಂದ? ಜಾಹೀರಾತಿನಿಂದ. 2000ದ ಅಕ್ಟೋಬರಿನಲ್ಲಿ ಸುಮಾರು 350 ಮಂದಿ ಜಾಹೀರಾತುದಾರರೊಡನೆ ಅದರ ಹೊಸ ಏರ್ಪಾಡು ಆರಂಭವಾಯಿತು. ಓದುಗನು ಯಾವ ಪದವನ್ನು ಹುಡುಕುತ್ತಿರುವನೋ ಅದಕ್ಕೆ ಹೊಂದುವ ಜಾಹೀರಾತು ಜೊತೆಯಲ್ಲಿ ಕಾಣುತ್ತದೆ. ಕೊಳ್ಳುವ ಮನಸ್ಸುಳ್ಳವನೆದುರಿಗೇ ಸರಕನ್ನಿಡುವ ಈ ಉಪಾಯಕ್ಕೆ ವರ್ತಕರು ಧಾರಾಳವಾಗಿ ಹಣ ಸುರಿದರು.

ಇಲ್ಲಿ ಒಂದು ವಿಚಿತ್ರವನ್ನು ಗಮನಿಸಬೇಕು. ಜಾಹೀರಾತಿನ ಹಣದಿಂದ ನಡೆಯುವ ಶೋಧಕ ಯಂತ್ರವು ಓದುಗರಿಗಿಂತ ಜಾಹೀರಾತುದಾರರ ಕಡೆಗೆ ಸಹಜವಾಗಿಯೇ ವಾಲುತ್ತದೆಂದು 1998ರ ತಮ್ಮ ಪ್ರಬಂಧದಲ್ಲಿ ಎಚ್ಚರಿಸಿದ್ದವರು ಪೇಜ್ ಮತ್ತು ಬ್ರಿನ್ ಅವರೇ! ಜಾಹೀರಾತುಗಳನ್ನು ಗುರುತಿಟ್ಟು ಬೇರೆಯಾಗಿ ತೋರಿಸುವುದು ಕಂಪನಿ ಕಂಡುಕೊಂಡ ಪರಿಹಾರ. ಆದರೆ ಪ್ರಶ್ನೆ ಅಲ್ಲಿಗೆ ಮುಗಿಯಲಿಲ್ಲ. ತನ್ನದೇ ಅಂಗಡಿ-ಹೋಲಿಕೆಯ ಸೇವೆಯನ್ನು ಮುಂದೆ ತೋರಿಸಿತೆಂದು 2017ರಲ್ಲಿ ಯೂರೋಪಿಯನ್ ಕಮಿಷನ್ ಅದಕ್ಕೆ 242 ಕೋಟಿ ಯೂರೋ ದಂಡ ಹಾಕಿತು. ಮೊಬೈಲು ಮೊದಲಾದವುಗಳಲ್ಲಿ ಗೂಗಲೇ ಮೊದಲು ತೆರೆದುಕೊಳ್ಳುವಂತೆ ಮಾಡಲು 2021ರಲ್ಲಿ ಅದು ಕೊಟ್ಟ ಹಣ 2,630 ಕೋಟಿ ಡಾಲರು ಎಂಬುದು ಅಮೆರಿಕದ ನ್ಯಾಯಾಲಯದಲ್ಲಿ ಹೊರಬಿದ್ದಿತು. ಶೋಧದ ಕ್ಷೇತ್ರದಲ್ಲಿ ಅದು ತನ್ನ ಏಕಸ್ವಾಮ್ಯವನ್ನು ಕಾನೂನುಬಾಹಿರವಾಗಿ ಉಳಿಸಿಕೊಂಡಿತೆಂದು ನ್ಯಾಯಾಧೀಶ ಅಮಿತ್ ಮೆಹ್ತಾ 2024ರ ಆಗಸ್ಟಿನಲ್ಲಿ ತೀರ್ಪಿತ್ತರು.

ವಿದ್ಯಾರ್ಥಿಗಳಾದವರು ಇದರಿಂದ ತಿಳಿಯಬೇಕಾದುದೇನು? ಪುಟದ ತೂಕವು ಇತರರು ಅದನ್ನು ಎಷ್ಟು ಮನ್ನಿಸಿದ್ದಾರೆಂಬುದಕ್ಕೆ ಅಳತೆ. ಅದು ಹೇಳುವ ಮಾತಿನ ಸತ್ಯಕ್ಕೆ ಅಳತೆಯಲ್ಲ. ಬಹುಜನರು ನಂಬಿದ ತಪ್ಪೂ ಮೇಲಿನ ಸಾಲಿಗೆ ಏರಬಹುದು. ಈಚೆಗೆ ಯಂತ್ರವು ಪುಟಗಳನ್ನು ತೋರಿಸುವುದರ ಜೊತೆಗೆ ಉತ್ತರವನ್ನೇ ರಚಿಸಿ ಮುಂದಿಡಲಾರಂಭಿಸಿದೆ. ಆದುದರಿಂದ ಈ ಎಚ್ಚರ ಮತ್ತಷ್ಟು ಅಗತ್ಯ. ಮೊದಲು ಕಂಡ ಉತ್ತರವನ್ನು ಒಪ್ಪುವ ಮುನ್ನ ಅದನ್ನು ಬರೆದವರು ಯಾರು, ಅವರಿಗೆ ಆಧಾರವೇನು, ಅದನ್ನು ಮುಂದಿಡುವುದರಿಂದ ಯಾರಿಗೆ ಲಾಭ ಎಂದು ನಾವು ಕೇಳಿಕೊಳ್ಳಬೇಕು. ಹುಡುಕುವ ಕೆಲಸವನ್ನು ಯಂತ್ರಕ್ಕೆ ಒಪ್ಪಿಸಬಹುದು. ತೂಗಿನೋಡುವ ಕೆಲಸ ನಮ್ಮದೇ.