ಸೇವಾ ವಾಹನದ ಉಪಕರಣ ಪೆಟ್ಟಿಗೆ: ಜೋಡಣೆ ಮತ್ತು ಲೆಕ್ಕಪತ್ರ

ಗ್ರಾಹಕರು ಇರುವಲ್ಲಿಗೇ ಹೋಗಿ ದುರಸ್ತಿ ಮಾಡಿಕೊಡುವ ಸಣ್ಣ ಉದ್ದಿಮೆಗಳಲ್ಲಿ ಕೊಳವೆಬಾವಿ ಪಂಪ್‌ಸೆಟ್ ದುರಸ್ತಿಗಾರರು ಪ್ರಮುಖರು. ಕೋಲಾರ, ತುಮಕೂರು, ಚಿತ್ರದುರ್ಗದಂತಹ ಬಯಲುಸೀಮೆಯ ಜಿಲ್ಲೆಗಳ ತೋಟಗಾರಿಕೆ ಇವರನ್ನೇ ನೆಚ್ಚಿಕೊಂಡಿದೆ. ಇಂತಹ ಸಂಸ್ಥೆಗಳಲ್ಲಿ ಅಂಗಡಿಯ ದಾಸ್ತಾನನ್ನು ವರ್ಷಕ್ಕೊಮ್ಮೆಯಾದರೂ ಎಣಿಸುತ್ತಾರೆ. ಆದರೆ ಪಿಕಪ್ ವಾಹನದ ಹಿಂಬದಿಯ ಪೆಟ್ಟಿಗೆಯಲ್ಲಿ ಏನಿದೆ ಎಂಬುದು ಮೆಕ್ಯಾನಿಕ್‌ನ ನೆನಪಿನಲ್ಲಿ ಮಾತ್ರ ಇರುತ್ತದೆ.

ಇದರ ಪರಿಣಾಮ ಹೊಲದಲ್ಲಿ ಗೊತ್ತಾಗುತ್ತದೆ. ಮುಳುಗು ಪಂಪನ್ನು ಮೇಲೆತ್ತುವಾಗ ಪೈಪುಗಳ ಸಾಲನ್ನು ಒಂದು ಜೊತೆ ಕ್ಲ್ಯಾಂಪು ಕೇಸಿಂಗ್‌ನ ಬಾಯಿಯಲ್ಲಿ ಹಿಡಿದಿರುತ್ತದೆ, ಇನ್ನೊಂದು ಜೊತೆ ಮೇಲಕ್ಕೆಳೆಯುತ್ತದೆ. ಒಂದು ಕ್ಲ್ಯಾಂಪಿನ ಬೋಲ್ಟ್ ಕಾಣೆಯಾದರೂ ಕೆಲಸ ನಿಲ್ಲುತ್ತದೆ. ಕೈಗೆ ಸಿಕ್ಕಿದ ಬೇರೆ ಅಳತೆಯ ಬೋಲ್ಟನ್ನು ಹಾಕಿ ಸಾಗಿಸಿದರೆ ಪೈಪು, ಮೋಟಾರು, ಕೇಬಲ್ ಎಲ್ಲವೂ ಬಾವಿಯೊಳಗೆ ಜಾರಿಬೀಳುವ ಅಪಾಯವಿದೆ. ಆ ನಷ್ಟದ ಮುಂದೆ ಬೋಲ್ಟಿನ ಬೆಲೆ ಏನೂ ಅಲ್ಲ.

ಪೆಟ್ಟಿಗೆಯನ್ನು ಮಾಡಿಸುವಾಗ ಅದರ ಸ್ಥಾನವನ್ನು ಮೊದಲು ನಿರ್ಧರಿಸಬೇಕು. ಕ್ಯಾಬಿನ್‌ಗೆ ಒತ್ತಿದಂತೆ ಅಡ್ಡಲಾಗಿ ಕೂರುವ ಪೆಟ್ಟಿಗೆ ಉತ್ತಮ. ಉದ್ದನೆಯ ಪೈಪುಗಳಿಗೆ ಹಿಂಬದಿಯ ಜಾಗ ಉಳಿಯುತ್ತದೆ. ಚೈನ್ ಪುಲ್ಲಿ, ಕ್ಲ್ಯಾಂಪು, ಪೈಪ್ ರೆಂಚ್‌ಗಳಂತಹ ಭಾರದ ವಸ್ತುಗಳು ತಳದಲ್ಲಿರಬೇಕು. ಮೆಗ್ಗರ್, ಕ್ಲ್ಯಾಂಪ್ ಮೀಟರ್ ಹಾಗೂ ಕೇಬಲ್ ಜೋಡಣೆಯ ಟೇಪುಗಳಿಗೆ ಮೇಲಿನ ತಟ್ಟೆಯೇ ಸರಿ, ಅದೂ ಪ್ರತ್ಯೇಕ ಮುಚ್ಚಳದೊಳಗೆ. ತೇವ ತಗುಲಿದ ಟೇಪಿನಿಂದ ಮಾಡಿದ ಜೋಡಣೆಯೊಳಕ್ಕೆ ನೀರು ಇಳಿದು ಮೋಟಾರು ಸುಟ್ಟರೆ, ಗ್ರಾಹಕ ದೂರುವುದು ದುರಸ್ತಿಗಾರನನ್ನೇ. ಮುಚ್ಚಳದ ಅಂಚಿಗೆ ರಬ್ಬರ್ ಬೀಡಿಂಗ್, ತಳಕ್ಕೆ ರಬ್ಬರ್ ಹಾಸು ಇವೆರಡರಲ್ಲಿ ಜಿಪುಣತನ ಸಲ್ಲದು.

ದಪ್ಪ ಫೋಮ್ ಹಾಳೆಯಲ್ಲಿ ಪ್ರತಿ ಉಪಕರಣದ ಆಕಾರವನ್ನು ಕೊರೆದು ಕೂರಿಸಿದರೆ ಪಟ್ಟಿ ಓದುವ ಅಗತ್ಯವೇ ಬೀಳದು. ಖಾಲಿ ಗುಳಿಯೇ ಕೊರತೆಯನ್ನು ತೋರಿಸುತ್ತದೆ. ಹೊಲದಿಂದ ಹೊರಡುವ ಮುನ್ನ ಎರಡು ನಿಮಿಷ ನೋಡಿದರೆ ಸಾಕು. ಸಂಜೆ ಅಂಗಡಿಗೆ ಬಂದ ಮೇಲೆ ಎಣಿಸುವ ಪದ್ಧತಿ ನಿರರ್ಥಕ, ಏಕೆಂದರೆ ಸ್ಪ್ಯಾನರ್ ಅಷ್ಟರಲ್ಲಿ ಮೂವತ್ತು ಕಿಲೋಮೀಟರ್ ಹಿಂದೆ ಉಳಿದಿರುತ್ತದೆ.

ಪೆಟ್ಟಿಗೆಯ ತೂಕವೂ ವಾಹನದ ಹೊರೆಯ ಲೆಕ್ಕಕ್ಕೆ ಸೇರುತ್ತದೆ ಎಂಬುದನ್ನು ಹಲವರು ಮರೆಯುತ್ತಾರೆ. 1988ರ ಮೋಟಾರು ವಾಹನಗಳ ಕಾಯಿದೆಯ 52ನೇ ಕಲಮು ನೋಂದಣಿ ಪತ್ರದ ವಿವರಗಳಿಗೆ ವ್ಯತಿರಿಕ್ತವಾದ ಮಾರ್ಪಾಡನ್ನು ನಿರ್ಬಂಧಿಸುವುದರಿಂದ, ಚಾಸಿಗೆ ವೆಲ್ಡಿಂಗ್ ಮಾಡಿಸುವ ಮೊದಲು ಪ್ರಾದೇಶಿಕ ಸಾರಿಗೆ ಕಚೇರಿಯಲ್ಲಿ ವಿಚಾರಿಸುವುದು ಕ್ಷೇಮ.

ಇನ್ನು ಲೆಕ್ಕಪತ್ರದ ವಿಷಯ. ಪೆಟ್ಟಿಗೆ ಹಲವು ವರ್ಷ ಬಾಳುವಂಥದ್ದು, ಅದು ಸ್ಥಿರಾಸ್ತಿ. ಒಳಗಿನ ಸಣ್ಣ ಉಪಕರಣಗಳನ್ನು ಬಿಡಿಬಿಡಿಯಾಗಿ ಆಸ್ತಿಯೆಂದು ಬರೆಯುತ್ತ ಕೂರಬೇಕಾಗಿಲ್ಲ. ಬಿಡಿಯಾಗಿ ಗಣ್ಯವಲ್ಲದ ಅಚ್ಚು, ಉಪಕರಣ ಮುಂತಾದವುಗಳನ್ನು ಒಟ್ಟುಗೂಡಿಸಿ ಪರಿಗಣಿಸಲು ಲೆಕ್ಕಪತ್ರ ಮಾನಕ 10 ಅವಕಾಶ ನೀಡುತ್ತದೆ. ಹೀಗಾಗಿ ಮೊದಲ ಪೂರ್ಣ ಸೆಟ್ಟನ್ನು ಒಂದೇ ಆಸ್ತಿಯಾಗಿ ದಾಖಲಿಸಿ, ಮುಂದೆ ಸವೆದ ಸ್ಪ್ಯಾನರ್‌ಗಳ ಬದಲಿಗೆ ಕೊಳ್ಳುವವನ್ನು ಆಯಾ ವರ್ಷದ ಖರ್ಚಿಗೆ ಬರೆಯುವುದು ವ್ಯಾವಹಾರಿಕ ಕ್ರಮ. ಮೆಗ್ಗರ್‌ನಂತಹ ಬೆಲೆಬಾಳುವ ಸಾಧನಕ್ಕೆ ಮಾತ್ರ ಪ್ರತ್ಯೇಕ ಸಂಖ್ಯೆ, ಪ್ರತ್ಯೇಕ ಸಾಲು ಇರಲಿ.

ಜಿಎಸ್‌ಟಿಯಲ್ಲಿ ಎಚ್ಚರ ಬೇಕಾದ ಅಂಶ ಕಳವಿನದು. ಕಳೆದುಹೋದ, ಕಳವಾದ, ನಾಶವಾದ ಸರಕಿನ ಮೇಲಿನ ಇನ್‌ಪುಟ್ ತೆರಿಗೆ ಜಮೆ ದೊರೆಯದೆಂದು 17(5)(ಎಚ್) ಕಲಮು ಹೇಳುತ್ತದೆ. ಈಗಾಗಲೇ ಪಡೆದಿದ್ದರೆ ಹಿಂದಿರುಗಿಸಬೇಕು. ಉದಾಹರಣೆಗೆ, ರೂ. 12,000 ಬೆಲೆಗೆ ರೂ. 2,160 ತೆರಿಗೆ ಕೊಟ್ಟು ಕೊಂಡ ಸಾಧನ ಕಳವಾದರೆ ಮಾಲೀಕನ ಹೊರೆ 12,000 ಅಲ್ಲ, 14,160. ಕೊಂಡಾಗ ತೆರಿಗೆಯ ಮೊತ್ತವನ್ನೂ ಆಸ್ತಿಯ ಬೆಲೆಗೆ ಸೇರಿಸಿ ಸವಕಳಿ ಪಡೆದವರಿಗೆ ಆ ತೆರಿಗೆಯ ಜಮೆ ಮೊದಲೇ ಇಲ್ಲ. ಎರಡೂ ಲಾಭವನ್ನು ಪಡೆಯಲು ಕಾನೂನು ಬಿಡುವುದಿಲ್ಲ.

ಕಳವಾದುದನ್ನು ಮೆಕ್ಯಾನಿಕ್‌ನ ಸಂಬಳದಲ್ಲಿ ಹಿಡಿದುಕೊಳ್ಳುವ ರೂಢಿ ವ್ಯಾಪಕ. ಇದು ನ್ಯಾಯವೂ ಅಲ್ಲ, ಕಾನೂನಿಗೆ ಒಪ್ಪುವಂಥದ್ದೂ ಅಲ್ಲ. 1936ರ ವೇತನ ಪಾವತಿ ಕಾಯಿದೆಯಲ್ಲಿದ್ದ ನಿಯಮವನ್ನೇ 2019ರ ವೇತನ ಸಂಹಿತೆಯೂ ಉಳಿಸಿಕೊಂಡಿದೆ: ವಸ್ತುವನ್ನು ನೌಕರನ ವಶಕ್ಕೆ ಸ್ಪಷ್ಟವಾಗಿ ಒಪ್ಪಿಸಿರಬೇಕು, ನಷ್ಟವು ಆತನ ನಿರ್ಲಕ್ಷ್ಯದಿಂದಲೇ ನೇರವಾಗಿ ಉಂಟಾಗಿರಬೇಕು, ಕಡಿತಕ್ಕೆ ಮುನ್ನ ಕಾರಣ ಹೇಳಲು ಆತನಿಗೆ ಅವಕಾಶ ನೀಡಿರಬೇಕು, ಕಡಿತವು ನಷ್ಟದ ಮೊತ್ತವನ್ನು ಮೀರಬಾರದು. ಮೂವರು ಕೆಲಸಗಾರರ ಕೈಯಲ್ಲಿ ಓಡಾಡುವ ಒಂದೇ ಬೀಗದ ಕೈ, ಸಹಿಯಿಲ್ಲದ ಪಟ್ಟಿ ಇವುಗಳನ್ನಿಟ್ಟುಕೊಂಡು 'ಒಪ್ಪಿಸಿದ್ದೆ' ಎಂದು ಸಾಧಿಸುವುದು ಕಷ್ಟ. ಪೆಟ್ಟಿಗೆಯ ಪಟ್ಟಿಗೆ ಮಾಲೀಕ, ಮೆಕ್ಯಾನಿಕ್ ಇಬ್ಬರೂ ಸಹಿ ಹಾಕಿ ಒಂದೊಂದು ಪ್ರತಿ ಇಟ್ಟುಕೊಂಡರೆ, ಪೆಟ್ಟಿಗೆಯಲ್ಲಿ ಮೊದಲೇ ಇರದಿದ್ದ ವಸ್ತುವಿಗೆ ಬಡ ನೌಕರ ಹಣ ತೆರುವ ಪ್ರಸಂಗವೂ ತಪ್ಪುತ್ತದೆ.

ವಿಮೆಯಿಂದ ನಷ್ಟ ಭರ್ತಿಯಾಗುತ್ತದೆಂಬ ಭರವಸೆಯೂ ಬಹುತೇಕ ಹುಸಿ. ಸರಕು ವಾಹನದ ಸಾಮಾನ್ಯ ಪಾಲಿಸಿಯ ಷರತ್ತಿನಂತೆ, ವಾಹನವೂ ಜೊತೆಯಲ್ಲೇ ಕಳವಾಗದ ಹೊರತು ಬಿಡಿ ಸಲಕರಣೆಗಳ ಕಳವಿಗೆ ಪರಿಹಾರ ಸಿಗದು. ಉಪಕರಣಗಳಿಗೆ ಪ್ರತ್ಯೇಕ ವಿಮೆ ಬೇಕೆನ್ನುವವರು ಖರೀದಿ ಬಿಲ್ಲು, ಸಾಧನದ ಕ್ರಮಸಂಖ್ಯೆ, ಸಹಿಯುಳ್ಳ ಪಟ್ಟಿ ಇವನ್ನು ಅಂಗಡಿಯಲ್ಲಿ ಇಟ್ಟಿರಬೇಕು; ಪೆಟ್ಟಿಗೆಯೊಳಗಲ್ಲ.