ಮೂರನೆಯವನು ಓದಿದ ಕಾಗದ

ಚಾಮರಾಜನಗರದಲ್ಲಾಗಲಿ ಗುಂಡ್ಲುಪೇಟೆಯಲ್ಲಾಗಲಿ ಅಂಚೆಪೆಟ್ಟಿಗೆಗೆ ಬೀಳುವ ಕೆಲವು ಕಾಗದಗಳ ಮೇಲೆ ಊರಿನ ಹೆಸರೇ ಇರುವುದಿಲ್ಲ. ಸೈನಿಕನ ಸಂಖ್ಯೆ, ದರ್ಜೆ, ಹೆಸರು, ದಳ. ಕೆಳಗೆ ‘56 ಎ.ಪಿ.ಓ.’ ಅಥವಾ ‘99 ಎ.ಪಿ.ಓ.’ ಎಂಬ ಗುರುತು. ಮಗನು ಯಾವ ಕಣಿವೆಯಲ್ಲಿ ಕಾವಲಿರುವನೆಂಬುದನ್ನು ಆ ವಿಳಾಸವು ತಾಯಿಗೂ ಹೇಳುವುದಿಲ್ಲ. ಅದು ಸೇನಾ ಅಂಚೆಗೆ ತಿಳಿದಿದ್ದರೆ ಸಾಕು.

ಈ ಗೋಪ್ಯತೆಗೆ ಕಾರಣವುಂಟು. ‘ನಾಳೆ ಹೊಳೆ ದಾಟುತ್ತೇವೆ’ ಎಂಬ ಒಂದು ಸಾಲು ಶತ್ರುವಿನ ಕೈಗೆ ಸಿಕ್ಕಿದರೆ ನೂರಾರು ಪ್ರಾಣಗಳಿಗೆ ಸಂಚಕಾರ. ಆದುದರಿಂದಲೇ ಯುದ್ಧಕಾಲದಲ್ಲಿ ಯೋಧರ ಕಾಗದಗಳನ್ನು ಒಡೆದು ಓದಿ ಕಳುಹಿಸುವ ಪದ್ಧತಿ ಬೆಳೆಯಿತು. ಇದಕ್ಕೆ ಸೆನ್ಸಾರ್ ಎಂದು ಹೆಸರು.

1914ರಲ್ಲಿ ಮೊದಲನೆಯ ಮಹಾಯುದ್ಧ ಆರಂಭವಾದಾಗ ಈ ತಾಲ್ಲೂಕುಗಳು ಮೈಸೂರು ಸಂಸ್ಥಾನಕ್ಕೆ ಸೇರಿದ್ದವು. ಸಂಸ್ಥಾನದ ಅಶ್ವದಳವಾದ ಮೈಸೂರು ಲ್ಯಾನ್ಸರ್ಸ್ ಅದೇ ವರ್ಷ ಈಜಿಪ್ಟಿಗೆ ತೆರಳಿ ಸೂಯೆಜ್ ಕಾಲುವೆಯ ರಕ್ಷಣೆಗೆ ನಿಂತಿತು. 1918ರ ಸೆಪ್ಟೆಂಬರ್ 23ರಂದು ಹೈಫಾ ನಗರವನ್ನು ಗೆಲ್ಲುವುದರಲ್ಲಿ ಪಾಲ್ಗೊಂಡಿತು. ಕಡಲಾಚೆಯ ಯೋಧನಿಗೂ ಮನೆಗೂ ಕಾಗದವೊಂದೇ ಸೇತುವೆ.

ಭಾರತದ ಇತರ ದಳಗಳು ಫ್ರಾನ್ಸಿನಲ್ಲಿ ಹೋರಾಡುತ್ತಿದ್ದವು. ಅವರ ಕಾಗದಗಳನ್ನು ಪರಿಶೀಲಿಸಲು ಬೂಲೋನ್ ಪಟ್ಟಣದಲ್ಲಿ ಒಂದು ಕಚೇರಿ ಇದ್ದಿತು. ಹೋವೆಲ್ ಎಂಬ ಅಧಿಕಾರಿ ಅದರ ಮುಖ್ಯಸ್ಥನಾಗಿದ್ದನು. ಯೋಧರಲ್ಲಿ ಅನೇಕರಿಗೆ ಬರಹ ಬಾರದು; ಒಬ್ಬರು ಹೇಳುವರು, ಇನ್ನೊಬ್ಬರು ಬರೆಯುವರು. ಊರಿನಲ್ಲಿಯೂ ಮತ್ತೊಬ್ಬರು ಓದಿ ಹೇಳಬೇಕು. ಇವರ ನಡುವೆ ಅಧಿಕಾರಿಯ ಕಣ್ಣು ಬೇರೆ! ಇಷ್ಟು ಜನರೆದುರು ಮನಸ್ಸನ್ನು ಬಿಚ್ಚುವುದು ಹೇಗೆ?

ಯೋಧರು ಉಪಾಯ ಹೂಡಿದರು. ಕರಿಮೆಣಸು ತೀರುತ್ತಾ ಬಂದಿತು, ಈಗ ಕೆಂಪುಮೆಣಸನ್ನು ಬಳಸುತ್ತಿದ್ದಾರೆ ಎಂಬರ್ಥದಲ್ಲಿ ಒಬ್ಬನು ಬರೆದನು. ಕರಿಮೆಣಸೆಂದರೆ ಭಾರತೀಯ ಸಿಪಾಯಿಗಳು, ಕೆಂಪುಮೆಣಸೆಂದರೆ ಆಂಗ್ಲ ಸಿಪಾಯಿಗಳು. ಅಡುಗೆಯ ಮಾತಿನಲ್ಲಿ ಸಾವಿನ ಲೆಕ್ಕ! ಅಧಿಕಾರಿಗಳಿಗೂ ಇಂಗಿತ ತಿಳಿಯದೆ ಹೋಗಲಿಲ್ಲ. ಆದರೂ ಹೆಚ್ಚಿನ ಕಾಗದಗಳನ್ನು ಅವರು ತಡೆಯಲಿಲ್ಲ. ಸೈನಿಕರ ಮನಸ್ಸು ಎತ್ತ ವಾಲುತ್ತಿದೆಯೆಂದು ಅರಿಯುವುದೂ ಅವರ ಉದ್ದೇಶವಾಗಿತ್ತು. ಅದಕ್ಕಾಗಿ ಆಯ್ದ ಭಾಗಗಳನ್ನು ಇಂಗ್ಲಿಷಿಗೆ ಅನುವಾದಿಸಿ ಮೇಲಿನವರಿಗೆ ಕಳುಹಿಸಿದರು.

ವಿಚಿತ್ರವೆಂದರೆ, ಮೂಲ ಕಾಗದಗಳಲ್ಲಿ ಬಹುಪಾಲು ಅಳಿದುಹೋದವು. ಆ ಅನುವಾದಗಳು ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿ ಉಳಿದಿವೆ. ಕದ್ದು ಓದಿದವನೇ ಕಾಪಾಡಿದವನೂ ಆದನು. ಆದರೆ ಮಗನು ತಾಯಿಗೆ ಹೇಳಿದ ಮಾತು ಅವನ ನುಡಿಯಲ್ಲಿ ಉಳಿಯಲಿಲ್ಲ.

ಸ್ವತಂತ್ರ ಭಾರತದಲ್ಲಿಯೂ ಶಿಸ್ತಿಗಾಗಿ ಸೈನಿಕರ ಹಕ್ಕುಗಳನ್ನು ಮಿತಿಗೊಳಿಸಲು ಸಂವಿಧಾನದ 33ನೆಯ ವಿಧಿಯು ಸಂಸತ್ತಿಗೆ ಅಧಿಕಾರ ನೀಡಿದೆ. ನಾವು ನಿರ್ಭಯವಾಗಿ ಮಾತನಾಡುವಂತಾಗಲೆಂದು ಗಡಿಯಲ್ಲಿ ನಿಂತವನು ತನ್ನ ಮಾತನ್ನು ಅಳೆದು ಆಡುತ್ತಾನೆ. ‘ನಾನು ಕ್ಷೇಮ’ ಎಂಬ ಅವನ ಎರಡು ಪದಗಳ ಹಿಂದೆ ಬರೆಯದೆ ಬಿಟ್ಟ ಮಾತುಗಳೆಷ್ಟಿರಬಹುದು!

ಅಭ್ಯಾಸ
1. ಸೈನಿಕನ ವಿಳಾಸದಲ್ಲಿ ಊರಿನ ಹೆಸರು ಏಕಿರುವುದಿಲ್ಲ?
2. ‘ಅಡುಗೆಯ ಮಾತಿನಲ್ಲಿ ಸಾವಿನ ಲೆಕ್ಕ’ – ಈ ಮಾತನ್ನು ವಿವರಿಸಿರಿ.
3. ‘ಕದ್ದು ಓದಿದವನೇ ಕಾಪಾಡಿದವನೂ ಆದನು’ ಎಂಬುದನ್ನು ನೀವು ಒಪ್ಪುವಿರಾ? ಕಾರಣ ಕೊಡಿರಿ.